ಯಾಕೋಬ: ಹಿಮ್ಮಡಿ ಹಿಡಿದವನ ಹೆಸರು, ಅದಕ್ಕೂ ಹಿಂದಿನ ಅರ್ಥ

ಕನ್ನಡ ಬೈಬಲ್ ಓದುವವರಿಗೆ ಯಾಕೋಬ, ಕುರಾನ್ ಓದುವವರಿಗೆ ಯಾಕೂಬ್, ಬೆಂಗಳೂರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಜೇಕಬ್ ಅಥವಾ ಜೇಮ್ಸ್, ಕೇರಳದಿಂದ ಬಂದು ಇಲ್ಲಿ ನೆಲೆಸಿದ ಸಿರಿಯನ್ ಕ್ರೈಸ್ತರ ಮನೆಗಳಲ್ಲಿ ಚಾಕೋ. ಐದೂ ಒಂದೇ ಹೀಬ್ರೂ ಹೆಸರಿನ ರೂಪಗಳು. ಅರ್ಥವೇನು ಎಂದು ಕೇಳಿದರೆ ಮಾತ್ರ ಮಕ್ಕಳ ಹೆಸರಿನ ಪುಸ್ತಿಕೆಯಿಂದ ಹಿಡಿದು ಚರ್ಚಿನ ಪ್ರಸಂಗದವರೆಗೆ ಬಹುಮಟ್ಟಿಗೆ ಒಂದೇ ಉತ್ತರ ಬರುತ್ತದೆ: ‘ಮೋಸಗಾರ’. ಇವತ್ತಿನ ಮಾತು ಆ ಉತ್ತರದ ಬಗ್ಗೆ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡವನ್ನು ಸಾಲು ಸಾಲಾಗಿ ಓದಿದರೆ ‘ಮೋಸಗಾರ’ ಎನ್ನುವುದು ಸಿಟ್ಟಿಗೆದ್ದ ಅಣ್ಣನೊಬ್ಬ ತಮ್ಮನ ಹೆಸರಿಗೆ ಅಂಟಿಸಿದ ದೂರು ಎಂದು ಗೊತ್ತಾಗುತ್ತದೆ. ಹೆಸರಿನ ಹುಟ್ಟು ಬೇರೆ ಕಡೆ ಇದೆ.

ಮೊದಲು ಅಕ್ಷರಗಳನ್ನು ನೋಡೋಣ. ಹೀಬ್ರೂವಿನಲ್ಲಿ ಈ ಹೆಸರಿಗೆ ನಾಲ್ಕೇ ಅಕ್ಷರ, ಬಲದಿಂದ ಎಡಕ್ಕೆ: ಯೋದ್, ಅಯಿನ್, ಕೋಫ್, ಬೇತ್. ಯೋದ್ ನಮ್ಮ ‘ಯ’. ಅಯಿನ್ ಗಂಟಲಿನ ಆಳದಲ್ಲಿ ಹುಟ್ಟುವ ವ್ಯಂಜನ, ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ. ಕೋಫ್ ಎಂದರೆ ಕಿರುನಾಲಿಗೆಯ ಹತ್ತಿರ ಉಚ್ಚರಿಸುವ ‘ಕ’. ಬೇತ್ ಪದದ ಕೊನೆಯಲ್ಲಿ, ಒಳಗೆ ಚುಕ್ಕಿಯಿಲ್ಲದೆ ಬಂದರೆ, ‘ವ’ ಎಂದು ನುಡಿಯುತ್ತದೆ. ಹಾಗಾಗಿ ಇಂದಿನ ಇಸ್ರೇಲಿನಲ್ಲಿ ಇದು ‘ಯಅಕೋವ್’. ಮನೆಯಲ್ಲಿ ಕರೆಯುವಾಗ ‘ಕೋಬಿ’. ಕನ್ನಡದ ‘ಯಾಕೋಬ’ದಲ್ಲಿ ‘ಬ’ ಉಳಿದಿರುವುದು ಗ್ರೀಕ್, ಲ್ಯಾಟಿನ್ ದಾರಿಯ ಪ್ರಭಾವದಿಂದ. ಆದರೆ ಮೊದಲ ಅಕ್ಷರದಲ್ಲಿ ಕನ್ನಡ ಇಂಗ್ಲಿಷಿಗಿಂತ ಮೂಲಕ್ಕೆ ಹತ್ತಿರವಿದೆ. ಅಯಿನ್ ಬಿದ್ದುಹೋದಾಗ ಅದರ ಎರಡೂ ಬದಿಯ ‘ಅ’ಗಳು ಸೇರಿ ದೀರ್ಘ ‘ಯಾ’ ಆಗುವುದು ಸಹಜ. ಕಥೋಲಿಕ ಅನುವಾದದಲ್ಲಿ ಕಾಣುವ ‘ಯಕೋಬ’ ಎಂಬ ಹ್ರಸ್ವ ರೂಪಕ್ಕಿಂತ ‘ಯಾಕೋಬ’ವೇ ಈ ದೃಷ್ಟಿಯಲ್ಲಿ ಸರಿ.

ವ್ಯಾಕರಣದಲ್ಲಿ ಮುಖ್ಯವಾದದ್ದು ಮೊದಲ ಯೋದ್. ಕನ್ನಡದಲ್ಲಿ ‘ಬರುತ್ತಾನೆ’, ‘ಬರುತ್ತಾಳೆ’ ಎಂದು ಕರ್ತೃವಿನ ಗುರುತು ಕ್ರಿಯಾಪದದ ಕೊನೆಗೆ ಅಂಟುತ್ತದೆ. ಹೀಬ್ರೂವಿನ ಒಂದು ಬಗೆಯ ಕ್ರಿಯಾರೂಪದಲ್ಲಿ ಅದು ಮುಂದಕ್ಕೆ ಬರುತ್ತದೆ. ಯೋದ್ ಎಂದರೆ ‘ಅವನು’. ಉಳಿದ ಅಯಿನ್-ಕೋಫ್-ಬೇತ್ ಧಾತು. ಹಾಗಾದರೆ ‘ಯಅಕೋವ್’ ನಾಮಪದವೇ ಅಲ್ಲ, ಅದೊಂದು ಪುಟ್ಟ ವಾಕ್ಯ: ‘ಅವನು ಹೀಗೆ ಮಾಡುತ್ತಾನೆ’ ಅಥವಾ ‘ಅವನು ಹೀಗೆ ಮಾಡಲಿ’. ‘ಮೋಸ ಮಾಡುವವನು’ ಎಂಬ ಕರ್ತೃನಾಮ ಬೇಕಿದ್ದರೆ ‘ಓಕೇವ್’ ಎಂಬ ರೂಪ ಬರಬೇಕಿತ್ತು. ಹೀಬ್ರೂ ಹೆಸರುಗಳಲ್ಲಿ ವಾಕ್ಯಗಳೇ ಹೆಚ್ಚು. ಇಷ್ಮಾಯೇಲ ಎಂದರೆ ‘ದೇವರು ಕೇಳುತ್ತಾನೆ’, ಯೋನಾತಾನ ಎಂದರೆ ‘ಯೆಹೋವನು ಕೊಟ್ಟಿದ್ದಾನೆ’. ಹೆಣ್ಣುಮಕ್ಕಳು ಸಾಲಾಗಿ ಹುಟ್ಟಿದ ನಮ್ಮ ಮನೆಗಳಲ್ಲಿ ಕೊನೆಯವಳಿಗೆ ‘ಸಾಕಮ್ಮ’ ಎಂದಿಡುತ್ತಿದ್ದರಲ್ಲ, ಆ ಜಾತಿಯ ಹೆಸರುಗಳಿವು: ಹುಟ್ಟಿದ ಹೊತ್ತಿನಲ್ಲಿ ಹೊರಬಿದ್ದ ಒಂದು ಮಾತೇ ಹೆಸರಾಗಿ ನಿಂತದ್ದು.

ಈಗ ಕಥೆಗೆ ಬರೋಣ. ಆದಿಕಾಂಡ 25ನೆಯ ಅಧ್ಯಾಯ, 24ರಿಂದ 26ರವರೆಗಿನ ವಚನಗಳು. ಇಸಾಕನ ಹೆಂಡತಿ ರೆಬೆಕ್ಕಳಿಗೆ ಅವಳಿ ಗಂಡುಮಕ್ಕಳು. ಮೊದಲು ಹುಟ್ಟಿದವನು ಕೆಂಪಗೆ, ಮೈತುಂಬ ಕೂದಲು. ಅವನಿಗೆ ಏಸಾವ ಎಂದು ಹೆಸರಿಟ್ಟರು. ಆಮೇಲೆ ತಮ್ಮ ಹೊರಬಂದಾಗ ಅವನ ಕೈ ಏಸಾವನ ‘ಅಕೇವ್’ ಹಿಡಿದಿತ್ತು. ಅಕೇವ್ ಎಂದರೆ ಹಿಮ್ಮಡಿ. ಅವನ ಹೆಸರು ಯಅಕೋವ್ ಆಯಿತು. ಇಲ್ಲಿ ನಿರೂಪಕ ಹೇಳಿದ್ದು ಇಷ್ಟೇ. ಹಸುಗೂಸಿನ ಮೇಲೆ ಯಾವ ಆರೋಪವೂ ಇಲ್ಲ. ಇನ್ನೊಂದು ಸೂಕ್ಷ್ಮ ಹೀಬ್ರೂವಿನಲ್ಲಿ ಮಾತ್ರ ಕಾಣುತ್ತದೆ: ಏಸಾವನಿಗೆ ಹೆಸರಿಡುವಾಗ ಕ್ರಿಯಾಪದ ಬಹುವಚನ, ‘ಕರೆದರು’, ಯಾಕೋಬನಿಗೆ ಏಕವಚನ, ‘ಕರೆದನು’. ಕರೆದವನು ತಂದೆಯೋ ದೇವರೋ ಎಂದು 11ನೆಯ ಶತಮಾನದ ವ್ಯಾಖ್ಯಾನಕಾರ ರಾಶಿಯೂ ನಿಂತು ವಿಚಾರಿಸಿದ್ದಾನೆ. ಅನುವಾದಗಳು ಸಾಮಾನ್ಯವಾಗಿ ‘ಹೆಸರಾಯಿತು’ ಎಂದು ಹೇಳಿ ಇದನ್ನು ದಾಟಿಬಿಡುತ್ತವೆ.

ಆದಿಕಾಂಡದ ನಿರೂಪಕ ನಿಘಂಟುಕಾರನಲ್ಲ ಎನ್ನುವುದನ್ನು ಇಲ್ಲೇ ಗಮನಿಸಬೇಕು. ಅವನು ಶಬ್ದದ ಸದ್ದಿಗೆ ಕಿವಿಗೊಡುತ್ತಾನೆ. ಏಸಾವನ ಕೆಂಪು ‘ಅದ್ಮೋನಿ’, ಅದು ಮುಂದೆ ಅವನ ಸಂತತಿಯದಾದ ಎದೋಮ್ ನಾಡನ್ನು ನೆನಪಿಸುತ್ತದೆ. ಅವನ ಕೂದಲು ‘ಸೇಆರ್’, ಅದು ಸೇಯೀರ್ ಬೆಟ್ಟವನ್ನು. ‘ಏಸಾವ’ ಎಂಬ ಹೆಸರಿಗೆ ಮಾತ್ರ ಈ ಎರಡರಲ್ಲಿ ಯಾವುದೂ ನೇರವಾಗಿ ಹೊಂದುವುದಿಲ್ಲ! ನಿರೂಪಕನಿಗೆ ಅದರಿಂದ ತೊಂದರೆಯೇನೂ ಇಲ್ಲ. ಸದ್ದು ಸದ್ದನ್ನು ಎಳೆದು ತಂದರೆ ಸಾಕು. ಯಾಕೋಬ ಮತ್ತು ಹಿಮ್ಮಡಿಯ ಸಂಬಂಧವನ್ನೂ ಇದೇ ಕಿವಿಯಿಂದ ಕೇಳಬೇಕು.

ದೂರು ಬರುವುದು ಎರಡು ಅಧ್ಯಾಯಗಳ ನಂತರ, 27:36ರಲ್ಲಿ. ಕುರುಡು ತಂದೆಯ ಆಶೀರ್ವಾದ ತಮ್ಮನ ಪಾಲಾಗಿದೆ. ಬೇಟೆಯ ಅಡುಗೆ ಹಿಡಿದು ನಿಂತ ಏಸಾವ ಕೂಗುತ್ತಾನೆ: ಅವನಿಗೆ ಯಅಕೋವ್ ಎಂದು ಹೆಸರಿಟ್ಟದ್ದು ಇದಕ್ಕೇ ಅಲ್ಲವೇ, ಎರಡು ಸಲ ನನ್ನನ್ನು ‘ವಯ್ಯಕ್ವೇನಿ’. ಧಾತು ಅದೇ ಅಯಿನ್-ಕೋಫ್-ಬೇತ್. ಅದೇ ಉಸಿರಿನಲ್ಲಿ ಇನ್ನೊಂದು ಆಟ. ಮೊದಲು ಕಳೆದುಕೊಂಡದ್ದು ‘ಬೆಖೋರಾ’, ಚೊಚ್ಚಲತನದ ಹಕ್ಕು. ಈಗ ಕಳೆದುಕೊಂಡದ್ದು ‘ಬೆರಾಖಾ’, ಆಶೀರ್ವಾದ. ‘ಖ’ ಮತ್ತು ‘ರ’ ಜಾಗ ಬದಲಿಸಿದರೆ ಒಂದು ಇನ್ನೊಂದಾಗುತ್ತದೆ. ಹೀಗೆ ಹೊಟ್ಟೆ ಉರಿದುಕೊಂಡವನು ಹೆಸರಿಗೆ ಕೊಟ್ಟ ವ್ಯಾಖ್ಯಾನವನ್ನು ನಾವು ಹೆಸರಿನ ಅರ್ಥವೆಂದು ಬರೆದುಕೊಂಡಿದ್ದೇವೆ.

ಅದಕ್ಕಿಂತ ದೊಡ್ಡ ಸಾಕ್ಷ್ಯ ಹಿಂದಿನ ವಚನದಲ್ಲೇ ಇದೆ. 27:35ರಲ್ಲಿ ಇಸಾಕನು ‘ನಿನ್ನ ತಮ್ಮ ಮೋಸದಿಂದ ಬಂದ’ ಎನ್ನುತ್ತಾನೆ. ಅಲ್ಲಿರುವ ಪದ ‘ಮಿರ್ಮಾ’. ಮುಂದೆ 29:25ರಲ್ಲಿ ರಾಹೇಲಳ ಬದಲು ಲೇಯಾಳನ್ನು ಕೊಟ್ಟ ಮಾವ ಲಾಬಾನನಿಗೆ ಯಾಕೋಬ ‘ನನ್ನನ್ನು ಯಾಕೆ ವಂಚಿಸಿದೆ’ ಎನ್ನುವಾಗ ಬಳಸುವುದೂ ಅದೇ ಧಾತುವಿನ ಕ್ರಿಯಾಪದ, ‘ರಿಮ್ಮೀತಾನಿ’. ಮೋಸಕ್ಕೆ ಹೀಬ್ರೂವಿನ ಬಳಕೆಯ ಮಾತು ಇದು. ಅಯಿನ್-ಕೋಫ್-ಬೇತ್ ಕ್ರಿಯಾಪದವಾಗಿ ಇಡೀ ಹೀಬ್ರೂ ಬೈಬಲಿನಲ್ಲಿ ಬರುವುದು ಐದೇ ಸಲ: ಏಸಾವನ ಬಾಯಲ್ಲಿ ಒಮ್ಮೆ, ಹೋಶೇಯ 12:3ರಲ್ಲಿ ಒಮ್ಮೆ, ಯೆರೆಮೀಯ 9:4ರಲ್ಲಿ ಎರಡು ಸಲ, ಯೋಬ 37:4ರಲ್ಲಿ ಒಮ್ಮೆ. ಯೋಬನ ಪುಸ್ತಕದಲ್ಲಿ ಅದರ ಅರ್ಥ ‘ತಡೆದು ಹಿಡಿ’. ಗುಡುಗು ಮಿಂಚಿನ ಪ್ರಸಂಗ ಅದು, ಮೋಸಕ್ಕೂ ಅದಕ್ಕೂ ಸಂಬಂಧವಿಲ್ಲ. ಉಳಿದ ನಾಲ್ಕೂ ಒಂದಲ್ಲ ಒಂದು ರೀತಿಯಲ್ಲಿ ಯಾಕೋಬನ ಕಥೆಯ ನೆರಳಿನಲ್ಲೇ ಇವೆ. ಹೋಶೇಯ ನೇರವಾಗಿ ಅವನನ್ನೇ ಹೆಸರಿಸುತ್ತಾನೆ. ಯೆರೆಮೀಯನಲ್ಲಿ ‘ಯಾವ ಅಣ್ಣತಮ್ಮನನ್ನೂ ನಂಬಬೇಡಿ, ಪ್ರತಿಯೊಬ್ಬ ಸೋದರನೂ ಅಕೋವ್ ಯಕೋವ್’, ಅಂದರೆ ವಂಚಿಸಿಯೇ ವಂಚಿಸುತ್ತಾನೆ, ಎಂಬ ಮಾತಿದೆ. ಹೆಸರಿಗೂ ಈ ಕ್ರಿಯಾಪದಕ್ಕೂ ವ್ಯಂಜನಗಳಲ್ಲಿ ಏನೇನೂ ವ್ಯತ್ಯಾಸವಿಲ್ಲ. ಕ್ರಿ.ಶ. 7ರಿಂದ 10ನೆಯ ಶತಮಾನದ ನಡುವೆ ಸ್ವರಚಿಹ್ನೆ ಹಾಕಿದ ಮಸೊರೆಟ್ ಪಂಡಿತರು ಹೆಸರಿನಲ್ಲಿ ಅಯಿನ್ ಕೆಳಗೆ ಕಿರು ‘ಅ’ ಹಾಕಿದರು, ಕ್ರಿಯಾಪದದಲ್ಲಿ ಮೌನಚಿಹ್ನೆ ಹಾಕಿದರು. ಇಸ್ರಾಯೇಲ್ ಜನರ ಪೂರ್ವಜನ ಹೆಸರು ಬೈಗುಳವಾಗದಂತೆ ನಡುವೆ ನಿಂತಿರುವುದು ಆ ಒಂದು ಗೀಟು ಮಾತ್ರ.

ಹಾಗೆಂದು ಈ ಧಾತುವಿಗೆ ಕಪಟದ ನೆರಳೇ ಇಲ್ಲ ಎಂದರೆ ಅದು ಅತಿಯಾಗುತ್ತದೆ. ಅರಸುಗಳ ಎರಡನೆಯ ಪುಸ್ತಕ 10:19ರಲ್ಲಿ ಅರಸ ಯೇಹು ಬಾಳ್ ಎಂಬ ದೇವರ ಭಕ್ತರನ್ನು ಹಬ್ಬಕ್ಕೆಂದು ಕರೆದು ಕೊಲ್ಲಿಸಿದ್ದು ‘ಒಕ್ಬಾ’ದಿಂದ, ಅಂದರೆ ತಂತ್ರದಿಂದ. ಯೆರೆಮೀಯ 17:9ರ ‘ಎಲ್ಲಕ್ಕಿಂತ ವಂಚಕವಾದ ಹೃದಯ’ದಲ್ಲೂ ಇದೇ ಧಾತು. ಹಿಮ್ಮಡಿಯಿಂದ ಕಪಟಕ್ಕೆ ದಾರಿ ಸುಲಭ. ಓಡುವವನ ಹಿಮ್ಮಡಿ ಹಿಡಿದರೆ ಅವನು ಮುಗ್ಗರಿಸುತ್ತಾನೆ. ಕನ್ನಡದಲ್ಲೂ ‘ಅಡ್ಡಗಾಲು ಹಾಕು’, ‘ಕಾಲೆಳೆ’ ಎನ್ನುವ ಮಾತುಗಳು ಕಾಲಿನಿಂದಲೇ ಹೊರಟಿವೆ. ಏಸಾವ ಹೇಳಿದ್ದನ್ನು ‘ಎರಡು ಸಲ ನನಗೆ ಅಡ್ಡಗಾಲು ಹಾಕಿದ’ ಎಂದರೆ ಮೂಲದ ಕಾಲೂ ಉಳಿಯುತ್ತದೆ, ಸಿಟ್ಟೂ ಉಳಿಯುತ್ತದೆ.

ಹಳೆಯ ಅನುವಾದಕರು ಈ ಕಾಲನ್ನು ಬಿಟ್ಟುಕೊಟ್ಟಿರಲಿಲ್ಲ. ಅಲೆಕ್ಸಾಂಡ್ರಿಯದ ಯೆಹೂದ್ಯರು ಕ್ರಿ.ಪೂ. 3ನೆಯ ಶತಮಾನದಲ್ಲಿ ಶುರುಮಾಡಿದ ಗ್ರೀಕ್ ಅನುವಾದದಲ್ಲಿ ಇಲ್ಲಿರುವ ಕ್ರಿಯಾಪದ ‘ಎಪ್ಟೆರ್ನಿಕೆನ್’, ಅದು ‘ಪ್ಟೆರ್ನ’ ಎಂಬ ಹಿಮ್ಮಡಿಯ ಹೆಸರಿನಿಂದ ಬಂದದ್ದು. ಕ್ರಿ.ಶ. 400ರ ಆಸುಪಾಸಿನಲ್ಲಿ ಜೆರೋಮ್ ಲ್ಯಾಟಿನ್‌ನಲ್ಲಿ ‘ಸುಪ್ಲಾಂತಾವಿತ್’ ಎಂದು ಹಾಕಿದ. ‘ಪ್ಲಾಂತ’ ಅಂದರೆ ಅಂಗಾಲು, ಕಾಲು ಕೊಟ್ಟು ಬೀಳಿಸಿದ ಎಂದರ್ಥ. ಅದೇ ಪದ ಇಂಗ್ಲಿಷಿಗೆ ‘ಸಪ್ಲಾಂಟರ್’ ಆಗಿ ಹೋದಾಗ ಕಾಲು ಮರೆತುಹೋಗಿ ‘ಇನ್ನೊಬ್ಬನ ಜಾಗ ಕಸಿದವನು’ ಎಂಬ ಅರ್ಥವಷ್ಟೇ ನಿಂತಿತು. ಅಲ್ಲಿಂದ ಹೆಸರಿನ ಪುಸ್ತಿಕೆಗಳಲ್ಲಿ ‘ಮೋಸಗಾರ’. ನಾಲ್ಕು ಭಾಷೆ ದಾಟುವಷ್ಟರಲ್ಲಿ ಹಿಮ್ಮಡಿ ಹೋಗಿ ಕಪಟ ಮಾತ್ರ ಉಳಿಯಿತು.

ಇಲ್ಲಿಯವರೆಗಿನದು ಬೈಬಲ್ ತಾನೇ ಹೇಳುವ ಕಥೆ. ಹೆಸರಿನ ಇತಿಹಾಸ ಬೇಕಿದ್ದರೆ ಬೈಬಲಿನ ಹೊರಗೆ ಮಣ್ಣಿನ ಫಲಕಗಳ ಹತ್ತಿರ ಹೋಗಬೇಕು. ಉತ್ತರ ಸಿರಿಯದ ಚಾಗರ್ ಬಜಾರ್ ಎಂಬ ದಿಬ್ಬದಲ್ಲಿ ಸಿಕ್ಕ, ಕ್ರಿ.ಪೂ. 18ನೆಯ ಶತಮಾನದ ಬೆಣೆಲಿಪಿ ಫಲಕಗಳಲ್ಲಿ ಒಬ್ಬ ವ್ಯಕ್ತಿಯ ಹೆಸರು ‘ಯ-ಅಹ್-ಕು-ಉಬ್-ಎಲ್’. ಅಮೋರೈಟ್ ಎಂಬ ಪಶ್ಚಿಮ ಸೆಮಿಟಿಕ್ ಜನರ ಹೆಸರು ಇದು. ಬೆಣೆಲಿಪಿಯಲ್ಲಿ ಅಯಿನ್‌ಗೆ ಸರಿಯಾದ ಗುರುತಿಲ್ಲ. ಲಿಪಿಕಾರರು ಅದನ್ನು ಕೆಲವೊಮ್ಮೆ ಬಿಟ್ಟುಬಿಡುತ್ತಿದ್ದರು, ಕೆಲವೊಮ್ಮೆ ಹಕಾರದಂಥ ಅಕ್ಷರದಲ್ಲಿ ಬರೆಯುತ್ತಿದ್ದರು. ಹಾಗಾಗಿ ಇದು ಯಅಕುಬ್-ಎಲ್. ಕೊನೆಯ ‘ಎಲ್’ ಎಂದರೆ ದೇವರು. ಈಗ ವಾಕ್ಯ ಪೂರ್ತಿಯಾಯಿತು: ಯೋದ್ ಸೂಚಿಸುವ ‘ಅವನು’ ಮಗು ಅಲ್ಲ, ದೇವರು.

ದೇವರು ಏನು ಮಾಡಲಿ? ಯಾವ ತಾಯಿತಂದೆಯೂ ‘ದೇವರು ಮೋಸ ಮಾಡಲಿ’ ಎಂದು ಹೆಸರಿಡುವುದಿಲ್ಲ. ಉತ್ತರ ದಕ್ಷಿಣದಿಂದ ಬರುತ್ತದೆ. ಇಥಿಯೋಪಿಯದ ಪ್ರಾಚೀನ ಗೀಝ್ ಭಾಷೆಯಲ್ಲಿ ಇದೇ ಮೂರು ವ್ಯಂಜನಗಳ ‘ಅಕಬ’ ಎಂದರೆ ಕಾಯು, ಕಾವಲಿರು. ಸಿರಿಯದ ಮರುಭೂಮಿಯ ಪಾಲ್ಮೈರಾದ ಶಾಸನಗಳಲ್ಲಿ ‘ಅತೇ-ಅಕಬ್’ ಎಂಬ ಹೆಸರಿದೆ. ಅತೇ ಎಂಬ ದೇವತೆ ಕಾಪಾಡಿದಳು ಎಂದರ್ಥ. ಹಿಂಬಾಲಿಸು, ಬೆನ್ನ ಹಿಂದೆ ಇರು, ಬೆಂಗಾವಲಾಗಿರು: ಅರ್ಥದ ಸರಪಳಿ ಹೀಗೆ ಸಾಗಿರಬೇಕು. ಹಿಮ್ಮಡಿಯೂ ಕಾವಲೂ ಒಂದೇ ಬೇರಿನ ಎರಡು ಕೊಂಬೆಗಳು. ಯಅಕುಬ್-ಎಲ್ ಎಂದರೆ ‘ದೇವರು ಕಾಯಲಿ’. ಇಂದು ಹೆಚ್ಚಿನ ಸೆಮಿಟಿಕ್ ಭಾಷಾವಿದ್ವಾಂಸರು ಒಪ್ಪುವ ಅರ್ಥ ಇದೇ.

ಕೊನೆಯ ಎಲ್ ಎಲ್ಲಿ ಹೋಯಿತು ಎಂಬ ಪ್ರಶ್ನೆ ಏಳುತ್ತದೆ. ದಿನನಿತ್ಯ ಕರೆಯುವಾಗ ಉದ್ದ ಹೆಸರು ತುಂಡಾಗುವುದು ಎಲ್ಲ ಊರಿನ ರೂಢಿ, ಇದಕ್ಕೆ ಬೈಬಲಿನೊಳಗೇ ಜೋಡಿ ಉದಾಹರಣೆಗಳಿವೆ. ಯೆಹೋಶುವ 15:11ರಲ್ಲಿ ಯೆಹೂದದ ಗಡಿಯ ಊರು ಯಬ್ನೆಯೇಲ್. ಪೂರ್ವಕಾಲವೃತ್ತಾಂತ ಎರಡನೆಯ ಪುಸ್ತಕ 26:6ರಲ್ಲಿ ಅದೇ ಊರು ಬರೀ ಯಬ್ನೆ. ನ್ಯಾಯಸ್ಥಾಪಕರಲ್ಲಿ ಯೆಫ್ತಾಹ ಎಂಬ ಮನುಷ್ಯನಿದ್ದಾನೆ, ಯೆಹೋಶುವ 19ರಲ್ಲಿ ಇಫ್ತಹೇಲ್ ಎಂಬ ಕಣಿವೆ ಇದೆ. ಎಲ್ ಉಳಿದ ರೂಪ ಈಜಿಪ್ಟಿನಲ್ಲೂ ಸಿಗುತ್ತದೆ. ಮೂರನೆಯ ಥುತ್ಮೋಸ್ ಕ್ರಿ.ಪೂ. 15ನೆಯ ಶತಮಾನದಲ್ಲಿ ಕಾರ್ನಕ್ ದೇವಾಲಯದ ಗೋಡೆಯ ಮೇಲೆ ಕೆತ್ತಿಸಿದ ಕಾನಾನ್ ಊರುಗಳ ಪಟ್ಟಿಯಲ್ಲಿ ‘ಯಅಕೋಬ್-ಎಲ್’ ಎಂದು ಓದಬಹುದಾದ ಸ್ಥಳನಾಮವೊಂದಿದೆ. ಅದಕ್ಕೂ ಹಿಂದೆ, ಈಜಿಪ್ಟನ್ನು ಆಳಿದ ಹೊರನಾಡಿನ ಅರಸರಾದ ಹಿಕ್ಸೋಸರ ಕಾಲಕ್ಕೆ ಸೇರಿಸಲಾಗುವ ಯಾಕುಬ್-ಹರ್ ಎಂಬ ಅರಸನ ಹೆಸರು ಹೊತ್ತ ಜೀರುಂಡೆಯಾಕಾರದ ಮುದ್ರೆಗಳು ಈಜಿಪ್ಟಿನಲ್ಲೂ ಕಾನಾನಿನಲ್ಲೂ ಸಿಕ್ಕಿವೆ.

ಇಲ್ಲೊಂದು ಎಚ್ಚರಿಕೆ ಬೇಕು. ಇಂಥ ಮುದ್ರೆಯ ಚಿತ್ರ ತೋರಿಸಿ ‘ಯಾಕೋಬ ಇದ್ದದ್ದಕ್ಕೆ ಪುರಾವೆ’ ಎನ್ನುವವರಿದ್ದಾರೆ. ಮುದ್ರೆ ಅದನ್ನು ಹೇಳುವುದಿಲ್ಲ. ಕ್ರಿ.ಪೂ. ಎರಡನೆಯ ಸಹಸ್ರಮಾನದ ಮೊದಲ ಅರ್ಧದಲ್ಲಿ ಸಿರಿಯದಿಂದ ನೈಲ್ ನದಿಯವರೆಗೆ ಈ ಮಾದರಿಯ ಹೆಸರು ಜನಬಳಕೆಯಲ್ಲಿತ್ತು ಎಂದಷ್ಟೇ ಅದರಿಂದ ತಿಳಿಯುತ್ತದೆ. ಅದೇನು ಸಣ್ಣ ಮಾತಲ್ಲ. ಅಬ್ರಹಾಮ, ಇಸಾಕ, ಯಾಕೋಬರೆಂಬ ಮೂಲಪಿತೃಗಳ ಕಥೆಯಲ್ಲಿರುವ ಹೆಸರು ಆ ಕಾಲದ ಹೆಸರಿನ ಮಾದರಿಗೆ ಹೊಂದುತ್ತದೆ. ಹೊಂದುವುದಕ್ಕೂ ಸಾಬೀತಾಗುವುದಕ್ಕೂ ಅಂತರವಿದೆ.

ಆದಿಕಾಂಡದ ಲೇಖಕನಿಗೆ ‘ದೇವರು ಕಾಯಲಿ’ ಎಂಬ ಹಳೆಯ ಅರ್ಥ ಗೊತ್ತಿತ್ತೇ? ಇರಲಿಲ್ಲ ಎಂದು ತೋರುತ್ತದೆ, ಅದಕ್ಕೆ 28ನೆಯ ಅಧ್ಯಾಯವೇ ಕಾರಣ. ಬೇತೇಲಿನಲ್ಲಿ ಕಲ್ಲನ್ನು ತಲೆದಿಂಬು ಮಾಡಿ ಮಲಗಿದ ಯಾಕೋಬನಿಗೆ ಕನಸಿನಲ್ಲಿ ದೇವರು ‘ನೀನು ಎಲ್ಲಿ ಹೋದರೂ ನಿನ್ನನ್ನು ಕಾಯುತ್ತೇನೆ’ ಎಂದು ಮಾತು ಕೊಡುತ್ತಾನೆ. ಬೆಳಗಾದ ಮೇಲೆ ಯಾಕೋಬನೂ ‘ದೇವರು ನನ್ನನ್ನು ಕಾದರೆ’ ಎಂದು ಹರಕೆ ಹೊರುತ್ತಾನೆ. ಹೆಸರಿನ ಮೂಲಾರ್ಥಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಆದರೂ ಎರಡು ಕಡೆಯೂ ಬಳಸಿರುವುದು ‘ಶಾಮರ್’ ಎಂಬ ಬೇರೆ ಕ್ರಿಯಾಪದ. ಸದ್ದಿನ ಆಟಕ್ಕೆ ಒಂದು ಅವಕಾಶವನ್ನೂ ಬಿಡದ ಲೇಖಕ ಇಲ್ಲಿ ಸುಮ್ಮನಿದ್ದಾನೆ ಎಂದರೆ, ಅವನ ಕಾಲದ ಹೀಬ್ರೂವಿನಲ್ಲಿ ಅಯಿನ್-ಕೋಫ್-ಬೇತ್‌ಗೆ ಕಾಯುವ ಅರ್ಥ ಬತ್ತಿಹೋಗಿತ್ತು ಎಂದೇ ತಿಳಿಯಬೇಕು. ಅರ್ಥ ಮರೆತ ಹಳೆಯ ಹೆಸರು ಕೈಗೆ ಬಂದಾಗ ಅವನು ತನ್ನ ಭಾಷೆಯಲ್ಲಿ ಉಳಿದಿದ್ದ ಹಿಮ್ಮಡಿಯನ್ನು ಹಿಡಿದ.

ಅದೇ ಲೇಖಕ 32ನೆಯ ಅಧ್ಯಾಯದಲ್ಲಿ ಎಷ್ಟು ಆಡುತ್ತಾನೆ ನೋಡಿ. ಹೊಳೆ ‘ಯಬ್ಬೋಕ್’, ದಾಟುವವನು ‘ಯಅಕೋವ್’, ಅಪರಿಚಿತನು ಅವನೊಡನೆ ಹೋರಾಡಿದ ಎನ್ನುವುದಕ್ಕೆ ‘ವಯ್ಯೇಆವೇಕ್’. ಮೂರರಲ್ಲೂ ಅವೇ ‘ಬ’, ‘ಕ’ಗಳು ಹೊರಳಾಡುತ್ತವೆ. ಕುಸ್ತಿಯ ಕೊನೆಗೆ ಹೊಸ ಹೆಸರು, ಇಸ್ರಾಯೇಲ್. ಅದೂ ಯೋದ್‌ನಿಂದ ಶುರುವಾಗಿ ಎಲ್‌ನಿಂದ ಮುಗಿಯುವ ವಾಕ್ಯವೇ. ಅಬ್ರಾಮನು ಅಬ್ರಹಾಮನಾದ ಮೇಲೆ ಹಳೆಯ ಹೆಸರು ಕಥೆಯಿಂದ ಮಾಯವಾಗುತ್ತದೆ. ಯಾಕೋಬನಿಗೆ ಹಾಗಾಗಲಿಲ್ಲ. 35:10ರಲ್ಲಿ ಎರಡನೆಯ ಸಲ ‘ಇನ್ನು ನೀನು ಇಸ್ರಾಯೇಲ್’ ಎಂದ ಮೇಲೂ 46:2ರಲ್ಲಿ ದೇವರೇ ‘ಯಾಕೋಬನೇ, ಯಾಕೋಬನೇ’ ಎಂದು ಕರೆಯುತ್ತಾನೆ. ಯೆಹೂದ್ಯರ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮೂದಿನ ಪಂಡಿತರು ಇದನ್ನು ಹಿಡಿದು ವಾದಿಸಿದ್ದಾರೆ: ಅಬ್ರಹಾಮನನ್ನು ಅಬ್ರಾಮ ಎಂದರೆ ತಪ್ಪು, ಇಸ್ರಾಯೇಲನನ್ನು ಯಾಕೋಬ ಎಂದರೆ ತಪ್ಪಿಲ್ಲ. ಹೀಬ್ರೂ ಬೈಬಲಿನಲ್ಲಿ ಈ ಹೆಸರು ಸುಮಾರು 350 ಸಲ ಬರುತ್ತದೆ, ಅನೇಕ ಕಡೆ ಇಡೀ ಜನಾಂಗದ ಹೆಸರಾಗಿ. ಯೆಶಾಯ 40ರಲ್ಲಿ ‘ಡೊಂಕಾದದ್ದು ನೆಟ್ಟಗಾಗಲಿ’ ಎನ್ನುವಾಗ ಡೊಂಕಿಗೆ ‘ಅಕೋವ್’ ಎಂಬ ಪದವಿದೆ. ಅದೇ ಅಧ್ಯಾಯದ 27ನೆಯ ವಚನದಲ್ಲಿ ‘ಯಾಕೋಬೇ’ ಎಂದು ಜನರನ್ನು ಕೂಗಲಾಗಿದೆ. ನೆಟ್ಟಗಿನದು ಎಂಬರ್ಥದ ‘ಯಾಶಾರ್’ನಿಂದ ಬಂದ ‘ಯೆಶುರೂನ್’ ಎಂಬ ಮತ್ತೊಂದು ಅಡ್ಡಹೆಸರೂ ಈ ಜನಕ್ಕೆ ಧರ್ಮೋಪದೇಶಕಾಂಡದಲ್ಲಿ, ಯೆಶಾಯ 44:2ರಲ್ಲಿ ಇದೆ.

ಒಂದು ಅಕ್ಷರದ ಕಥೆ ಹೇಳದೆ ಮುಂದೆ ಹೋಗಲಾಗದು. ಈ ಹೆಸರಿಗೆ ನಾಲ್ಕಕ್ಷರ ಎಂದೆ. ಐದು ಕಡೆ ಮಾತ್ರ ‘ಓ’ ಸ್ವರವನ್ನು ತೋರಿಸುವ ವಾವ್ ಎಂಬ ಐದನೆಯ ಅಕ್ಷರ ಸೇರಿದೆ: ಯಾಜಕಕಾಂಡ 26:42 ಮತ್ತು ಯೆರೆಮೀಯನಲ್ಲಿ ನಾಲ್ಕು ಕಡೆ. ಪ್ರವಾದಿ ಎಲೀಯನ ಹೆಸರಿನ ಕೊನೆಯ ವಾವ್ ಐದು ಕಡೆ ಬಿಟ್ಟುಹೋಗಿದೆ. ಬರಲಿರುವ ರಕ್ಷಕನಾದ ಮೆಸ್ಸೀಯನ ಬರವನ್ನು ಸಾರಲು ಎಲೀಯ ತಪ್ಪದೆ ಬರಬೇಕೆಂದು ಯಾಕೋಬ ಅವನ ಹೆಸರಿನಿಂದ ಒಂದೊಂದು ಅಕ್ಷರವನ್ನು ಒತ್ತೆ ಇಟ್ಟುಕೊಂಡ ಎಂದು ರಾಶಿ ವಿವರಿಸುತ್ತಾನೆ. ಸೊಗಸಾದ ಕಲ್ಪನೆ. ಲಿಪಿಯ ಇತಿಹಾಸ ಅಷ್ಟು ಸೊಗಸಾಗಿಲ್ಲ: ಸ್ವರಚಿಹ್ನೆಗಳಿಲ್ಲದ ಕಾಲದಲ್ಲಿ ಓದುಗನಿಗೆ ಸಹಾಯವಾಗಲೆಂದು ವಾವ್, ಯೋದ್‌ಗಳನ್ನು ಸೇರಿಸುವ ರೂಢಿ ಶತಮಾನಗಳು ಕಳೆದಂತೆ ಹೆಚ್ಚಿತು. 2002ರಲ್ಲಿ ಜಗತ್ತಿನ ಗಮನ ಸೆಳೆದು, ಬರಹ ಅಸಲಿಯೋ ನಕಲಿಯೋ ಎಂಬ ಜಗಳದಲ್ಲಿ ಸಿಕ್ಕಿಕೊಂಡ ಜೆರುಸಲೇಮಿನ ಮೂಳೆಪೆಟ್ಟಿಗೆಯ ಮೇಲಿನ ‘ಯೇಸುವಿನ ಸೋದರ, ಯೋಸೇಫನ ಮಗ ಯಾಕೋಬ’ ಎಂಬ ಅರಮಾಯಿಕ್ ಸಾಲಿನಲ್ಲೂ ಹೆಸರು ವಾವ್ ಸೇರಿಯೇ ಇದೆ.

ಅಚ್ಚರಿಯೆಂದರೆ ಹೀಬ್ರೂ ಬೈಬಲಿನಲ್ಲಿ ಯಾಕೋಬ ಎಂಬ ಎರಡನೆಯ ಮನುಷ್ಯನೇ ಇಲ್ಲ. ಸಂಬಂಧಿಕ ಹೆಸರುಗಳಿವೆ, ಎಜ್ರ 2:42ರ ದ್ವಾರಪಾಲಕರ ಪಟ್ಟಿಯ ‘ಅಕ್ಕೂಬ’ನಂತೆ. ಕಾವಲು ಕಾಯುವವರ ಪಟ್ಟಿಯಲ್ಲಿ ಈ ಧಾತು ಕಾಣಿಸುವುದು ಕಾಕತಾಳೀಯವೇ ಇರಬಹುದು, ಆದರೂ ಓದುವಾಗ ಖುಷಿಯಾಗುತ್ತದೆ. ಕ್ರಿ.ಶ. ಎರಡನೆಯ ಶತಮಾನದ ರಬ್ಬಿ ಅಕೀವನ ಹೆಸರೂ ಇದರ ಅರಮಾಯಿಕ್ ತಮ್ಮ. ಪೂರ್ವಜನ ಹೆಸರನ್ನೇ ಮಕ್ಕಳಿಗೆ ಇಡುವ ರೂಢಿ ಗ್ರೀಕ್-ರೋಮನ್ ಕಾಲದ ಯೆಹೂದ್ಯರಲ್ಲಿ ಬಲವಾಯಿತು. ಆಗಲೇ ಹೆಸರು ಎರಡಾಗಿ ಒಡೆದದ್ದು.

ಗ್ರೀಕರಿಗೆ ಅಯಿನ್ ಇಲ್ಲ, ‘ಬ’ದಲ್ಲಿ ಮುಗಿಯುವ ಹೆಸರಿಗೆ ವಿಭಕ್ತಿ ಹಚ್ಚುವುದೂ ಕಷ್ಟ. ಧರ್ಮಗ್ರಂಥದ ಅನುವಾದಕರು ಪೂರ್ವಜನನ್ನು ‘ಇಯಾಕೋಬ್’ ಎಂದು ಹಾಗೇ ಬಿಟ್ಟರು. ಆದರೆ ಬೀದಿಯಲ್ಲಿ ಓಡಾಡುವ ಜೀವಂತ ಮನುಷ್ಯನಿಗೆ ಗ್ರೀಕ್ ಬಾಲ ಬೇಕಲ್ಲ. ಅವನು ‘ಇಯಾಕೋಬೋಸ್’ ಆದ. ಹೊಸ ಒಡಂಬಡಿಕೆ ಈ ವ್ಯತ್ಯಾಸವನ್ನು ಪಾಲಿಸುತ್ತದೆ. ಇಸಾಕನ ಮಗ ಇಯಾಕೋಬ್, ಜೆಬೆದಾಯನ ಮಗನೂ ಯೇಸುವಿನ ಶಿಷ್ಯನೂ ಆದವನು ಇಯಾಕೋಬೋಸ್. ಲ್ಯಾಟಿನ್‌ನಲ್ಲೂ ಇಯಾಕೋಬ್, ಇಯಾಕೋಬುಸ್. ಕೊನೆಗಾಲದ ಆಡುಲ್ಯಾಟಿನ್‌ನಲ್ಲಿ ‘ಬ’ ಹೋಗಿ ‘ಮ’ ಬಂದು ‘ಇಯಾಕೋಮುಸ್’. ಅದು ಇಟಲಿಯಲ್ಲಿ ಜಾಕೊಮೊ, ಹಳೆಯ ಫ್ರೆಂಚ್ ಮೂಲಕ ಇಂಗ್ಲೆಂಡಿನಲ್ಲಿ ಜೇಮ್ಸ್. ‘ಬ’ ಉಳಿಸಿಕೊಂಡ ಕವಲು ಫ್ರಾನ್ಸಿನಲ್ಲಿ ಝಾಕ್. ಸ್ಪೇನಿನಲ್ಲಿ ಇಯಾಗೊ, ‘ಸಂತ ಇಯಾಗೊ’ ಸೇರಿ ಸಾಂತಿಯಾಗೊ, ಅದನ್ನು ತಪ್ಪು ಜಾಗದಲ್ಲಿ ಮುರಿದು ತಿಯಾಗೊ. ಇಂಗ್ಲೆಂಡಿನ ಒಂದನೆಯ ಜೇಮ್ಸ್ ಲ್ಯಾಟಿನ್ ದಾಖಲೆಗಳಲ್ಲಿ ಜಾಕೋಬುಸ್. ಅವನ ಆಜ್ಞೆಯಿಂದ 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲಿನಲ್ಲಿ ಹಳೆಯ ಪೂರ್ವಜ ‘ಜೇಕಬ್’, ಅಪೊಸ್ತಲ ‘ಜೇಮ್ಸ್’. ಅದನ್ನು ಓದಿದವರಿಗೆ ಇಬ್ಬರದೂ ಒಂದೇ ಹೆಸರೆಂಬ ಸುಳಿವೇ ಸಿಗುವುದಿಲ್ಲ.

ಅರಬ್ಬಿಯ ‘ಯಅಕೂಬ್’ ಅಯಿನ್ ಮತ್ತು ಕೋಫ್ ಎರಡನ್ನೂ ಉಳಿಸಿಕೊಂಡಿದೆ. ಕುರಾನಿನ 11ನೆಯ ಸೂರಾದ 71ನೆಯ ಆಯತ್ತಿನಲ್ಲಿ ಇಬ್ರಾಹಿಮರ ಪತ್ನಿಗೆ ಇಸ್ಹಾಕನ ಸುವಾರ್ತೆ ಬರುತ್ತದೆ, ಇಸ್ಹಾಕನ ‘ಹಿಂದೆ’ ಯಅಕೂಬ್ ಎಂಬ ಮಾತೂ ಜೊತೆಗೇ ಬರುತ್ತದೆ. ಅರಬ್ಬಿಯಲ್ಲೂ ‘ಅಕಿಬ್’ ಹಿಮ್ಮಡಿ, ಧಾತುವಿನ ಅರ್ಥ ಹಿಂದೆ ಬರುವುದು. ಇಲ್ಲಿ ಅವಳಿಗಳ ಜಗಳವೂ ಇಲ್ಲ, ಕಪಟವೂ ಇಲ್ಲ. ತಲೆಮಾರಿನ ನಂತರದ ತಲೆಮಾರು ಎನ್ನುವ ಶುಭ ಅರ್ಥ ಮಾತ್ರ.

ಸ್ವತಃ ಹುಡುಕಿ ನೋಡುವವರಿಗೆ ಕೆಲವು ಮಾತು. ಫೋನಿನ ಬೈಬಲ್ ಆ್ಯಪ್‌ಗಳಲ್ಲಿ ಬಹುತೇಕ 1890ರ ಸ್ಟ್ರಾಂಗ್ ಶಬ್ದಸೂಚಿಯ ಸಂಖ್ಯೆಗಳಿರುತ್ತವೆ. ಯಾಕೋಬ 3290, ಕ್ರಿಯಾಪದ 6117, ಹಿಮ್ಮಡಿ 6119. ಆ ಸಂಖ್ಯೆ ಒತ್ತಿದಾಗ ಬರುವ ಒಂದು ಸಾಲಿನ ಅರ್ಥವನ್ನು ನಂಬಿ ನಿಲ್ಲಬೇಡಿ; ಅದು ಬೈಬಲಿನೊಳಗಿನ ಪದಚಮತ್ಕಾರವನ್ನೂ ಭಾಷಾಚರಿತ್ರೆಯನ್ನೂ ಬೇರ್ಪಡಿಸದೆ ಕೊಡುತ್ತದೆ. ಆ ಪದ ಬರುವ ಎಲ್ಲ ವಚನಗಳನ್ನೂ ತೆರೆದು, ಪ್ರತಿಯೊಂದರಲ್ಲಿ ಮಾತಾಡುತ್ತಿರುವವರು ಯಾರು, ಯಾರ ಮೇಲೆ ಯಾವ ಸಿಟ್ಟಿನಲ್ಲಿ ಎಂದು ಗುರುತು ಹಾಕಿಕೊಳ್ಳಿ. ಹೀಬ್ರೂ ಮುದ್ರಣಗಳಲ್ಲಿ ವಚನಸಂಖ್ಯೆ ಕೆಲವು ಕಡೆ ಒಂದು ಹೆಚ್ಚುಕಡಿಮೆಯಿರುತ್ತದೆ. ನಮ್ಮ ಹೋಶೇಯ 12:3 ಅಲ್ಲಿ 12:4, ಯೆರೆಮೀಯ 9:4 ಅಲ್ಲಿ 9:3, ಹೊಸ ಹೆಸರು ಸಿಗುವ ಆದಿಕಾಂಡ 32:28 ಅಲ್ಲಿ 32:29. ಸಿಗಲಿಲ್ಲವೆಂದರೆ ಒಂದು ವಚನ ಹಿಂದೆಮುಂದೆ ನೋಡಿ.

ಕನ್ನಡ ಬೈಬಲಿನಲ್ಲಿ ಜೇಕಬ್-ಜೇಮ್ಸ್ ಭೇದವಿಲ್ಲ, ಎಲ್ಲರೂ ಯಾಕೋಬರೇ. ಇದರಿಂದ ಮೂಲದ ಏಕತೆ ಉಳಿಯಿತು, ಗೊಂದಲವೂ ಬಂತು. ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯ ತೆಗೆಯಿರಿ. ಎರಡನೆಯ ವಚನದಲ್ಲಿ ಹೆರೋದನು ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಹದಿನೇಳನೆಯ ವಚನದಲ್ಲಿ ಸೆರೆಯಿಂದ ಬಿಡಿಸಿಕೊಂಡು ಬಂದ ಪೇತ್ರನು ‘ಈ ಸಂಗತಿಯನ್ನು ಯಾಕೋಬನಿಗೆ ತಿಳಿಸಿರಿ’ ಎನ್ನುತ್ತಾನೆ. ಸತ್ತವನು ಜೆಬೆದಾಯನ ಮಗ. ಅವನಿಗೆ ‘ಯೋಹಾನನ ಅಣ್ಣ’ ಎಂಬ ಗುರುತನ್ನು ಲೇಖಕ ಹಾಕಿದ್ದಾನೆ. ಸುದ್ದಿ ಮುಟ್ಟಬೇಕಾದವನು ಯೇಸುವಿನ ಸೋದರ, ಮುಂದೆ 15ನೆಯ ಅಧ್ಯಾಯದ ಸಭೆಯಲ್ಲಿ ತೀರ್ಮಾನ ಹೇಳುವವನು. ಅವನಿಗೆ ಯಾವ ಗುರುತೂ ಇಲ್ಲ. ಜೆರುಸಲೇಮಿನಲ್ಲಿ ಆಗ ಬರೀ ‘ಯಾಕೋಬ’ ಎಂದರೆ ಯಾರೆಂದು ಯಾರಿಗೂ ಹೇಳಬೇಕಾಗಿರಲಿಲ್ಲ.